ಅಜ್ಜಿಗೆ ಕೇಳಿದ ಪ್ರಶ್ನೆ ಮತ್ತು ಮಿದುಳಿನ ಓದು

(ಟ್ರಸ್ಟಿನ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಹಿಂದಿನ ಫಲಾನುಭವಿಯೊಬ್ಬರು ಮಾಡಿದ ಭಾಷಣ)



ಕೆಲವು ವರ್ಷಗಳ ಹಿಂದೆ ಇದೇ ಸಭೆಯಲ್ಲಿ ಕೆಳಗೆ ಕೂತು ಚೆಕ್ಕಿಗಾಗಿ ಕಾದವಳು ನಾನು. ಈಗ ನರವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಊರಿನಲ್ಲಿ ಹೀಗೆಂದರೆ ಮುಂದಿನ ಪ್ರಶ್ನೆ, "ಯಾವ ಆಸ್ಪತ್ರೆಯಲ್ಲಿ ಡಾಕ್ಟರ್?" ಎಂದೇ. ನಾನು ಮದ್ದು ಬರೆಯುವ ಡಾಕ್ಟರಲ್ಲ. ಬಿಎಸ್ಸಿ ಓದಿದವರೂ ಮಿದುಳಿನ ಸಂಶೋಧನೆಗೆ ಹೋಗಬಹುದೆಂದು ನನಗೂ ಆಗ ಗೊತ್ತಿರಲಿಲ್ಲ.

ನಾನು ಬಿಎಸ್ಸಿ ಎರಡನೇ ವರ್ಷದಲ್ಲಿದ್ದಾಗ ಕಾಪುವಿನಲ್ಲಿದ್ದ ನನ್ನ ಅಜ್ಜಿಗೆ ಮರೆವು ಶುರುವಾಯಿತು. ಮೊದಲು ಒಲೆಯ ಮೇಲಿಟ್ಟ ಹಾಲು, ಆಮೇಲೆ ನೆರೆಮನೆಯ ದಾರಿ. ಪ್ರಾಯ ಆಯಿತಲ್ಲ ಎಂದು ನಾವು ಒಂದು ವರ್ಷ ಸುಮ್ಮನಿದ್ದೆವು. ಕೊನೆಗೆ ಆಸ್ಪತ್ರೆಗೆ ಕರೆದೊಯ್ದಾಗ ಅಲ್ಲಿ ಒಂದು ಕಾಗದ ನೋಡಿಕೊಂಡು ಕನ್ನಡದಲ್ಲಿ ಕೇಳಿದರು: ಈಗ ಯಾವ ತಿಂಗಳು? ಅಜ್ಜಿ ಮಾತಾಡಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು. ಮನೆಯಲ್ಲಿ ಬ್ಯಾರಿ, ಮೀನು ಕೊಳ್ಳುವಾಗ ತುಳು. ಜುಲೈ, ಆಗಸ್ಟ್ ಅವರ ಲೆಕ್ಕದಲ್ಲೇ ಇರಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ತುಳುವಿನಲ್ಲಿ ಕೇಳಿದೆ. "ಆಟಿ" ಎಂದರು. ಸರಿಯಾಗಿತ್ತು.

ಹಾಗೆಂದು ಕಾಯಿಲೆ ಇರಲಿಲ್ಲವೆಂದಲ್ಲ. ಎಂಆರ್‌ಐ ಚಿತ್ರದಲ್ಲಿ ನೆನಪಿಗೆ ಬೇಕಾದ ಭಾಗ ಕುಗ್ಗಿದ್ದು ಕಂಡಿತು. ಆದರೆ ಅವರು ಎಷ್ಟು ಮರೆತಿದ್ದಾರೆ, ಏನು ಉಳಿದಿದೆ ಎಂಬುದನ್ನು ಚಿತ್ರ ಹೇಳುವುದಿಲ್ಲ. ಅದನ್ನು ಪ್ರಶ್ನೆ ಕೇಳಿಯೇ ತಿಳಿಯಬೇಕು, ಅದೂ ಅವರ ಭಾಷೆಯಲ್ಲಿ. ನಾನು ಈ ಓದಿಗೆ ಬಂದದ್ದು ಆ ಬಸ್ಸಿನಿಂದ.

ಎಂಆರ್‌ಐ ಎಕ್ಸ್‌ರೇ ಅಲ್ಲ. ಅದೊಂದು ಬಲವಾದ ಅಯಸ್ಕಾಂತ. ದೇಹದ ನೀರಿನಲ್ಲಿರುವ ಜಲಜನಕದಿಂದ ಬರುವ ಸಂಕೇತ ಹಿಡಿದು ಚಿತ್ರ ಕಟ್ಟುತ್ತದೆ. ರಕ್ತದ ಆಮ್ಲಜನಕದ ಏರಿಳಿತವನ್ನೂ ಹೀಗೆ ಹಿಡಿಯಬಹುದೆಂದು 1990ರಲ್ಲಿ ಸೀಜಿ ಒಗಾವಾ ತೋರಿಸಿದ ಮೇಲೆ, ಕೆಲಸ ಮಾಡುತ್ತಿರುವ ಮಿದುಳನ್ನೇ ನೋಡುವ ದಾರಿ ತೆರೆಯಿತು.

ನಮ್ಮ ಕರಾವಳಿಯ ಮಕ್ಕಳಿಗೆ ಇಲ್ಲಿ ಒಂದು ಬಂಡವಾಳವಿದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು: ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ತಡೆಯುತ್ತದೆ ಎಂದಲ್ಲ, ನನ್ನ ಅಜ್ಜಿಗೂ ಬಂತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೆನಪು ಮತ್ತು ಭಾಷೆಯ ಪರೀಕ್ಷೆಗಳನ್ನು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಎಂಬ ಐದು ಭಾಷೆಗಳಲ್ಲಿ ಸಿದ್ಧಪಡಿಸಿದೆ. ತುಳು, ಬ್ಯಾರಿ ಆ ಐದರಲ್ಲಿಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರವು 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದೆ. ಇಂಥ ಕೆಲಸಕ್ಕೆ ಯಂತ್ರದ ಜ್ಞಾನದಷ್ಟೇ, ಅಜ್ಜಿಯ ಜಗಲಿಯಲ್ಲಿ ಕೂತು ಮಾತಾಡಲು ಬರುವವರೂ ಬೇಕು.

ಹೆತ್ತವರು ಎರಡು ಓದುಗಳನ್ನು ಬೆರೆಸಬಾರದು. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಎಂದರೆ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವ ವೃತ್ತಿ. ಅದರ ಬಿಎಸ್ಸಿ, ಎಂಎಸ್ಸಿ ಎರಡೂ ಮಣಿಪಾಲದಲ್ಲೇ ಇವೆ. ಬೇಗ ಸಂಪಾದನೆ ಬೇಕಾದ ಮನೆಗೆ ಅದೇ ಒಳ್ಳೆಯದು, ಅದನ್ನು ಕೀಳೆಂದು ಯಾರೂ ತಿಳಿಯಬೇಡಿ. ನರವಿಜ್ಞಾನ ಸಂಶೋಧನೆಯ ದಾರಿ, ದೀರ್ಘವಾದದ್ದು. ಜೀವಶಾಸ್ತ್ರ, ಭೌತಶಾಸ್ತ್ರ, ಮನಃಶಾಸ್ತ್ರ, ಎಂಜಿನಿಯರಿಂಗ್ ಓದಿದವರೂ ಬರಬಹುದು. ನಿಮ್ಹಾನ್ಸ್, ಭಾರತೀಯ ವಿಜ್ಞಾನ ಸಂಸ್ಥೆ, ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ, ಇವನ್ನು ಮೊದಲು ನೋಡಿ.

ದಾನಿಗಳಲ್ಲಿ ಒಂದು ಮಾತು. ಪಿಎಚ್‌ಡಿಗೆ ನಿಮ್ಮ ಹಣ ಬಹುಪಾಲು ಬೇಕಾಗುವುದಿಲ್ಲ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಕಷ್ಟ ಇರುವುದು ಅದಕ್ಕೆ ಮೊದಲಿನ ಎಂಎಸ್ಸಿಯ ಎರಡು ವರ್ಷ. ಮೊದಲ ವರ್ಷಕ್ಕೆ ಹೇಗೋ ಹಣ ಹೊಂದಿಸುತ್ತಾರೆ, ಎರಡನೆಯದಕ್ಕೆ ಕೈ ಖಾಲಿ. ನನ್ನ ಎರಡನೇ ವರ್ಷದ ಹಾಸ್ಟೆಲ್ ಶುಲ್ಕಕ್ಕೆ ಉಮ್ಮ ಬಳೆ ಅಡವಿಡಲು ತೆಗೆದಿಟ್ಟಿದ್ದರು. ಅಷ್ಟರಲ್ಲಿ ಟ್ರಸ್ಟ್ ಕಟ್ಟಿತು. ಆ ಬಳೆ ಇವತ್ತೂ ಅವರ ಕೈಯಲ್ಲಿದೆ, ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ವಿದ್ಯಾರ್ಥಿವೇತನವನ್ನು ಹತ್ತು ಮಕ್ಕಳಿಗೆ ಒಂದು ವರ್ಷ ಕೊಡುವ ಬದಲು ಐದು ಮಕ್ಕಳಿಗೆ ಎರಡೂ ವರ್ಷ ಕೊಡಿ ಎಂದು ನಾನು ಕೇಳುತ್ತೇನೆ. ಕೆಲವರಿಗೆ ಇದು ಹಿಡಿಸಲಿಕ್ಕಿಲ್ಲ.

ಬಿಎಸ್ಸಿ ಓದುತ್ತಿರುವವರು ಚಹಾ ಆದ ಮೇಲೆ ಹೋಗಿಬಿಡಬೇಡಿ. ಮಾರ್ಕ್ಸ್ ಕಾರ್ಡ್ ತಂದಿದ್ದರೆ ಹಿಂದಿನ ಬೆಂಚಿಗೆ ಬನ್ನಿ. ಯಾವ ಪರೀಕ್ಷೆ, ಯಾವಾಗ ಅರ್ಜಿ ಎಂದು ಕೂತು ಬರೆದುಕೊಳ್ಳೋಣ.