ಜೇನು ಕಡಿದರೆ ಸುಣ್ಣ ಸಾಕೇ?



ಮುಂಬಯಿಯಲ್ಲಿ ಜೇನಿನ ಮಾತೇಕೆ ಎನ್ನುವವರು ಒಮ್ಮೆ ತಲೆಯೆತ್ತಿ ತಮ್ಮ ಕಟ್ಟಡ ನೋಡಿ. ಊರಲ್ಲಿ ಎತ್ತರದ ಮರಕ್ಕೆ, ಬಂಡೆಗೆ ಗೂಡು ಕಟ್ಟುವ ಹೆಜ್ಜೇನಿಗೆ ಇಲ್ಲಿ ಹದಿನೈದನೇ ಮಹಡಿಯ ಸಜ್ಜವೂ ಬಂಡೆಯೇ. ಕಿಟಕಿಯ ಮೂಲೆಯಲ್ಲಿ ಕಣಜವೂ ಸಂಸಾರ ಹೂಡುತ್ತದೆ.

ಕಡಿದರೆ ಸುಣ್ಣ ಹಚ್ಚು, ಈರುಳ್ಳಿ ಉಜ್ಜು ಎನ್ನುವುದು ನಮ್ಮ ಅಜ್ಜಿಯರ ಮದ್ದು. ಆದರೆ ಸುಣ್ಣದ ಡಬ್ಬಿ ಹುಡುಕುವಷ್ಟರಲ್ಲಿ ಹೊತ್ತು ಕಳೆಯುತ್ತದೆ. ಜೇನುಹುಳು ತನ್ನ ಮುಳ್ಳನ್ನು ವಿಷದ ಚೀಲದ ಸಮೇತ ಚರ್ಮದಲ್ಲೇ ಬಿಟ್ಟುಹೋಗುತ್ತದೆ. ಹುಳು ಹೋದ ಮೇಲೂ ಆ ಚೀಲ ವಿಷ ಒತ್ತುತ್ತಿರುತ್ತದೆ. ಉಗುರಿನಿಂದಲೋ ಕಾರ್ಡಿನ ಅಂಚಿನಿಂದಲೋ, ಮೊದಲು ಮುಳ್ಳು ತೆಗೆಯಿರಿ. ಹೇಗೆ ಎನ್ನುವುದಕ್ಕಿಂತ ಎಷ್ಟು ಬೇಗ ಎನ್ನುವುದು ಮುಖ್ಯ. ಕಣಜ ಮುಳ್ಳು ಬಿಡುವುದಿಲ್ಲ. ಹಾಗಾಗಿ ಒಂದೇ ಕಣಜ ಮತ್ತೆ ಮತ್ತೆ ಚುಚ್ಚಬಲ್ಲದು. ಆಮೇಲೆ ಸೋಪು ನೀರು, ಬಟ್ಟೆಯಲ್ಲಿ ಸುತ್ತಿದ ಐಸ್. ಕೈಗೆ ಕಡಿದಿದ್ದರೆ ಬಳೆ, ಉಂಗುರ ಕೂಡಲೇ ತೆಗೆಯಿರಿ, ಊದಿದ ಮೇಲೆ ಬರಲಾರವು.

ಹೆಚ್ಚಿನವರಿಗೆ ಇಷ್ಟೇ. ವೈದ್ಯೆಯಾಗಿ ನನ್ನ ಭಯ ಅಲರ್ಜಿಯದ್ದು, ಅದಕ್ಕೆ ಒಂದೇ ಹುಳು ಸಾಕು. ಕೆಲವೇ ನಿಮಿಷಗಳಲ್ಲಿ ಮೈತುಂಬ ದದ್ದು, ತುಟಿ-ನಾಲಿಗೆಯ ಊತ, ಗೊಗ್ಗರು ಧ್ವನಿ, ಉಸಿರಿನ ಒದ್ದಾಟ, ವಾಂತಿ, ಕಣ್ಣು ಕತ್ತಲೆ. ಇದಕ್ಕೆ ಮದ್ದು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಅಲರ್ಜಿ ಮಾತ್ರೆ ತುರಿಕೆ ಇಳಿಸೀತು, ಕುಸಿಯುವ ಬಿ.ಪಿ.ಯನ್ನು ಎತ್ತಲಾರದು. ‘ಮಾತ್ರೆ ಕೊಟ್ಟಿದ್ದೇವೆ, ನೋಡೋಣ’ ಎಂದು ಮನೆಯಲ್ಲಿ ಕೂರಬೇಡಿ. 108ಕ್ಕೆ ಕರೆ ಮಾಡಿ. ಅಲ್ಲಿಯವರೆಗೆ ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ. ಉಸಿರು ಕಟ್ಟುತ್ತಿದ್ದರೆ ಕೂರಿಸಿ. ಲಿಫ್ಟಿನವರೆಗೆ ನಡೆಸುವ ಉಪಕಾರ ಮಾತ್ರ ಬೇಡ, ಎದ್ದು ನಿಂತಾಗಲೇ ಕುಸಿದು ಪ್ರಾಣ ಹೋಗಬಹುದು. ಸುಧಾರಿಸಿದ ಕೆಲವು ಗಂಟೆಗಳ ನಂತರ ಲಕ್ಷಣಗಳು ಮರಳಬಹುದು, ಆಸ್ಪತ್ರೆಯಿಂದ ಹೊರಡಲು ಅವಸರ ಮಾಡಬೇಡಿ. ಬಿ.ಪಿ., ಹೃದಯದ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಹೇಳಲೇಬೇಕು. ಮೆಟೊಪ್ರೊಲಾಲ್‌ನಂಥವು ಅಡ್ರಿನಲಿನ್ ಕೆಲಸಕ್ಕೆ ಅಡ್ಡಬರುತ್ತವೆ.

ಹೆಜ್ಜೇನಿನ ಹಿಂಡು ಎದ್ದರೆ ಸೆರಗೋ ದುಪಟ್ಟಾವೋ ಮುಖಕ್ಕೆ ಹೊದ್ದು ಓಡಿ, ಒಳಗೆ ಸೇರಿ ಬಾಗಿಲು ಹಾಕಿ. ಕೈ ಬೀಸಬೇಡಿ, ಚುಚ್ಚಿದ ಹುಳು ಬಿಡುವ ವಾಸನೆಯೇ ಉಳಿದವನ್ನು ಕರೆಯುತ್ತದೆ. ಹತ್ತಾರು ಕಡೆ ಕಡಿದಿದ್ದರೆ ಅಲರ್ಜಿ ಇಲ್ಲದವರಿಗೂ ಸ್ನಾಯು, ಮೂತ್ರಪಿಂಡ ಕೆಡಬಹುದು, ಅದೂ ಒಂದೆರಡು ದಿನ ತಡವಾಗಿ. ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿದರೆ ಅಥವಾ ಕಡಿಮೆಯಾದರೆ ತಕ್ಷಣ ಆಸ್ಪತ್ರೆಗೆ.

ಗೂಡು ಕಂಡರೆ ವಾಚ್‌ಮನ್ ಕೈಗೆ ಹೊಗೆಯ ಪಂಜು ಕೊಡಬೇಡಿ. ಆ ಕೆಲಸ ಬಲ್ಲವರನ್ನೇ ಕರೆಸಲು ಸೊಸೈಟಿಗೆ ಹೇಳಿ, ಅವರು ಬರುವವರೆಗೆ ಕೆಳಗೆ ಮಕ್ಕಳ ಆಟ ನಿಲ್ಲಿಸಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.