ಗಂಟು ಕಟ್ಟುವ ಕಾಲ



ಈಚೆಗೆ ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಹಲವರು ಒಂದೇ ಮಾತನ್ನು ಕೇಳುತ್ತಿದ್ದಾರೆ. "ಬುದ್ಧೀ, ಮನೀ ಬಿಟ್ಟು ಹೋಗೂದೈತ್ರಿ, ಗಂಟು ಕಟ್ಟಾಕ ಯಾವ ದಿನ ಚಲೋ ಐತಿ ಹೇಳ್ರಿ" ಎನ್ನುತ್ತಾರೆ. ಕೆಲವರಿಗೆ ನೌಕರಿಯ ವರ್ಗಾವಣೆ, ಕೆಲವರಿಗೆ ಮಕ್ಕಳ ಓದು, ಹೊಳೆಯ ದಂಡೆಯ ಊರುಗಳವರಿಗೆ ಹಿನ್ನೀರಿನ ಚಿಂತೆ. ಕಾರಣ ಬೇರೆಬೇರೆಯಾದರೂ ಕೇಳುವವರ ಮುಖದಲ್ಲಿರುವ ಕಳವಳ ಒಂದೇ. ಆದ್ದರಿಂದ ಇಂದು ಈ ವಿಷಯವಾಗಿಯೇ ನಾಲ್ಕು ಮಾತುಗಳನ್ನು ಹೇಳಬೇಕೆಂದು ನಾವು ಬಯಸಿದ್ದೇವೆ.

ಹೊಸ ಮನೆಯನ್ನು ಹೊಗುವುದಕ್ಕೆ ಪಂಚಾಂಗವನ್ನು ನೋಡಿ ಒಂದು ದಿನವನ್ನು ಹೇಳಬಹುದು. ಆದರೆ ಹಳೆಯ ಮನೆಯ ಸಾಮಾನು ಕಟ್ಟುವುದಕ್ಕೆ ಯಾವ ಪಂಚಾಂಗದಲ್ಲಿಯೂ ದಿನ ಬರೆದಿಲ್ಲ. ಅದನ್ನು ಮನೆಯ ಯಜಮಾನಿಯೇ ಎಣಿಸಿ ತೆಗೆಯಬೇಕು. ಈ ಎಣಿಕೆಯಲ್ಲಿ ಎರಡು ದೋಷಗಳುಂಟು. ಬಹಳ ಮೊದಲೇ ಕಟ್ಟುವುದು ಒಂದು, ಬಹಳ ತಡವಾಗಿ ಕಟ್ಟುವುದು ಇನ್ನೊಂದು. ತಡವಾದರೆ ವಸ್ತು ಹಾಳಾಗುತ್ತದೆ. ಬಹಳ ಮೊದಲಾದರೆ ಬಾಳು ಹಾಳಾಗುತ್ತದೆ.

ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ, ಬಾಗಲಕೋಟೆಯನ್ನೇ ನೋಡಿರಿ. ಆಲಮಟ್ಟಿ ಆಣೆಕಟ್ಟಿಗೆ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಊರಿನ ಒಂದು ಭಾಗ ಮುಳುಗುತ್ತದೆಂಬ ಮಾತು ಹರಡಿತು. ಆದರೆ ಘಟಪ್ರಭೆಯ ಹಿನ್ನೀರು ಮನೆಗಳ ಮೆಟ್ಟಿಲಿಗೆ ಬರುವ ಹೊತ್ತಿಗೆ ಮೂರು ದಶಕಗಳು ಮಿಕ್ಕಿ ಹೋಗಿದ್ದವು. 519.60 ಮೀಟರಿನವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟು ಒಪ್ಪಿದ್ದು 2000ದಲ್ಲಿ. ಅಡಿಗಲ್ಲಿನ ವರ್ಷ ತೊಟ್ಟಿಲಲ್ಲಿದ್ದ ಕೂಸು ಅಷ್ಟರಲ್ಲಿ ಮಕ್ಕಳ ತಾಯಿಯಾಗಿದ್ದಳು. ಹೀಗೆ ದಿನ ಗೊತ್ತಿಲ್ಲದ ಪಯಣವನ್ನು ಎದುರಿಗಿಟ್ಟುಕೊಂಡು ಬಾಳುವುದು ಎಷ್ಟು ಕಷ್ಟ! "ಮುಳುಗೂ ಮನೀಗೆ ಸುಣ್ಣ ಯಾಕ?" ಎಂದು ಮನಸ್ಸು ಹೇಳುತ್ತದೆ. ಸೋರುವ ಮಾಳಿಗೆಗೆ ಮಣ್ಣು ಹಾಕುವುದಿಲ್ಲ, ಅಂಗಳದಲ್ಲಿ ಬೇವಿನ ಸಸಿ ನೆಡುವುದಿಲ್ಲ. ಸಾಮಾನು ಕಟ್ಟದಿದ್ದರೂ ಮನಸ್ಸು ಗಂಟು ಕಟ್ಟಿ ಕುಳಿತಿರುತ್ತದೆ. ಮನೆಯು ಮನೆಯಾಗಿ ಉಳಿಯದೆ ಬಸ್ಸಿನ ನಿಲ್ದಾಣವಾಗುತ್ತದೆ. ಬಹಳ ಮೊದಲೇ ಕಟ್ಟುವ ದೋಷವೆಂದರೆ ಇದೇ.

ಈ ಮಾತು ಹಳೆಯದಾಗಿ ಹೋಗಿಲ್ಲ. ಆಣೆಕಟ್ಟಿನ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಬಹುದೆಂದು ಕೃಷ್ಣಾ ನ್ಯಾಯಾಧಿಕರಣದ ತೀರ್ಪು ಬಂದದ್ದು 2010ರಲ್ಲಿ. ಅಂದಿನಿಂದ ಇನ್ನಷ್ಟು ಮನೆಗಳವರು ಇದೇ ರೀತಿ ಕಾಯುತ್ತಿದ್ದಾರೆ. ಅವರಿಗೆ ನಾವು ಹೇಳುವುದಿಷ್ಟು: ಕಾಗದಪತ್ರಗಳನ್ನು ಇಂದೇ ಕೂಡಿಸಿ ಇಡಿರಿ, ಉಳಿದ ಯಾವುದನ್ನೂ ಕಟ್ಟಬೇಡಿರಿ. ದಿನ ಗೊತ್ತಾಗುವವರೆಗೆ ಸುಣ್ಣ ಬಳಿಯಿರಿ, ಹಬ್ಬ ಮಾಡಿರಿ, ಮಗಳ ಲಗ್ನವನ್ನು ಅದೇ ಅಂಗಳದಲ್ಲಿ ಮಾಡಿರಿ.

ಇನ್ನು ದಿನ ಗೊತ್ತಾದವರ ಮಾತು. ದಿನ ಗೊತ್ತಾದ ಮೇಲೆ ಹಿಂದಕ್ಕೆ ಎಣಿಸಬೇಕು. ನಮ್ಮ ಸೀಮೆಯ ಒಕ್ಕಲು ಮನೆಗಳಿಗೆ ಯುಗಾದಿಯಿಂದ ಮೃಗಶಿರ ಮಳೆಯವರೆಗಿನ ಅವಧಿ ಅನುಕೂಲವಾದದ್ದು. ಹಿಂಗಾರಿಯ ಜೋಳ ರಾಶಿಯಾಗಿ ಕೈಗೆ ಬಂದಿರುತ್ತದೆ, ಮಕ್ಕಳಿಗೆ ಪರೀಕ್ಷೆ ಮುಗಿದು ಸೂಟಿ ಬಿದ್ದಿರುತ್ತದೆ, ಟ್ರ್ಯಾಕ್ಟರುಗಳು ಬಿತ್ತನೆಗೆ ಹೋಗಿರುವುದಿಲ್ಲ, ಪಶ್ಚಿಮದ ಮಳೆಯಿಂದ ಕೃಷ್ಣೆ ಏರಿರುವುದಿಲ್ಲ. ಬಸವ ಜಯಂತಿಯ ದಿನ ಹೊಸ ಮನೆ ಹೊಗುವುದೆಂದು ಇಟ್ಟುಕೊಳ್ಳಿರಿ. ಚೈತ್ರ ಶುದ್ಧ ಪಾಡ್ಯದಿಂದ ವೈಶಾಖ ಶುದ್ಧ ತದಿಗೆಯವರೆಗೆ ಒಂದು ತಿಂಗಳು ಎರಡು ದಿನ ಸಿಗುತ್ತದೆ. ಒಂದು ಸಂಸಾರವನ್ನು ಬಿಚ್ಚಿ ಕಟ್ಟಲು ಇಷ್ಟು ಕಾಲ ಸಾಕು, ಇದಕ್ಕಿಂತ ಹೆಚ್ಚು ಬೇಡ.

ಯುಗಾದಿಗೆ ಹೇಗೂ ಅಟ್ಟದ ಮೇಲಿನದನ್ನೆಲ್ಲ ಇಳಿಸಿ ಮನೆ ಸಾರಿಸುತ್ತೀರಿ. ಹೊರಡುವ ವರ್ಷದ ಯುಗಾದಿಗೆ ಇಳಿಸಿದ್ದನ್ನು ಮತ್ತೆ ಏರಿಸಬೇಡಿರಿ. ಜಾತ್ರೆಗೆ, ಲಗ್ನಕ್ಕೆ ಮಾತ್ರ ಬೇಕಾಗುವ ದೊಡ್ಡ ಕೊಪ್ಪರಿಗೆ, ಹರಿವಾಣಗಳು ಮೊದಲ ಗಂಟು. ಅದೇ ವಾರದಲ್ಲಿ, ಒಯ್ಯುವುದು ಯಾವುದು, ಕೊಡುವುದು ಯಾವುದು ಎಂದು ಬೇರ್ಪಡಿಸಿರಿ. ಕೊಡುವುದನ್ನು ಆಗಲೇ ಕೊಟ್ಟುಬಿಡಿರಿ. ಲಾರಿ ಬಾಗಿಲಿಗೆ ನಿಂತಾಗ ಹಿಡಿಸದೆ ಉಳಿದದ್ದನ್ನು ನೆರೆಯವರ ಕೈಗೆ ತುರುಕುವುದು ದಾನವಲ್ಲ, ಹೊರೆ ಇಳಿಸುವುದು. ತಿಂಗಳ ಮೊದಲು ಕರೆದು, ಕೂರಿಸಿ, ಕೈಯಾರೆ ಕೊಟ್ಟರೆ ಅದು ದಾಸೋಹ.

ಧಾನ್ಯದ ವಿಷಯವನ್ನೂ ಹೇಳಬೇಕು. ಹೊರಡುವುದು ಖಚಿತವಾದ ವರ್ಷ ಜೋಳವನ್ನು ಹಗೇವಿಗೆ ಹಾಕಬೇಡಿರಿ, ಚೀಲಗಳಲ್ಲಿಯೇ ಇಡಿರಿ. ಹಳೆಯ ಜೋಳ ಹಗೇವಿನಲ್ಲಿದ್ದರೆ ಅದನ್ನು ಕೊನೆಯ ದಿನಕ್ಕೆ ಉಳಿಸಬೇಡಿರಿ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕಟ್ಟಿರುತ್ತದೆ. ಬಾಯಿ ತೆರೆದು, ಗಾಳಿ ಚೆನ್ನಾಗಿ ಆಡಿದ ಮೇಲೆ, ಮೇಲೆ ಜನರನ್ನು ನಿಲ್ಲಿಸಿಕೊಂಡೇ ಇಳಿಯಬೇಕು. ಗಡಿಬಿಡಿಯಲ್ಲಿ ಒಬ್ಬನೇ ಇಳಿದವನು ಮೇಲೆ ಬಾರದೆ ಹೋಗುವುದುಂಟು. ಪಯಣದ ಆತುರಕ್ಕೆ ಒಂದು ಜೀವವನ್ನು ಕೊಡಬಾರದು. ಬಿತ್ತನೆಯ ಬೀಜದ ಚೀಲಕ್ಕೆ ಮಾತ್ರ ಬೇರೆ ಗುರುತು ಹಾಕಿರಿ. ಅದು ಅಡಿಗೆಯ ಜೋಳದಲ್ಲಿ ಬೆರೆತರೆ ಮುಂದಿನ ವರ್ಷದ ಬೆಳೆಯೇ ಬೆರೆತಂತೆ.

ಹೊರಡಲು ಎಂಟು ದಿನವಿದೆ ಎನ್ನುವಾಗ ಹೆಚ್ಚಿನ ಬಟ್ಟೆ, ಪುಸ್ತಕ, ಕೌದಿಗಳು. ಕೌದಿಯನ್ನು ಬೇರೆ ಗಂಟು ಕಟ್ಟುವುದೇಕೆ? ಗಾಜು, ಪಿಂಗಾಣಿಯ ಉಪ್ಪಿನಕಾಯಿ ಭರಣಿಗಳಿಗೆ ಅದನ್ನೇ ಸುತ್ತಿರಿ. ಎರಡೂ ಒಂದೇ ಜಾಗದಲ್ಲಿ ಹಿಡಿಯುತ್ತವೆ. ಅದೇ ವಾರದಲ್ಲಿ ತಾಯಂದಿರು ಕಟಕ ರೊಟ್ಟಿ ಬಡಿದು, ಗುರೆಳ್ಳು ಪುಡಿ, ಶೇಂಗಾ ಹಿಂಡಿ ಮಾಡಿಟ್ಟರೆ ಕೊನೆಯ ಎರಡು ದಿನ ಒಲೆಯ ಹಂಗಿಲ್ಲ. ಆಗ ಅಡಿಗೆಮನೆಯನ್ನು ನೆಮ್ಮದಿಯಿಂದ ಕಟ್ಟಬಹುದು. ಒಂದು ಹಂಚು, ಒಂದು ಪಾತ್ರೆ, ಒಂದು ಚರಿಗೆ, ಉಪ್ಪು, ದೀಪ, ಎಣ್ಣೆ, ಇಷ್ಟನ್ನು ಒಂದು ಚೀಲದಲ್ಲಿ ಬೇರೆ ಇಡಿರಿ. ಈ ಚೀಲ ಕಟ್ಟುವಾಗ ಕೊನೆಯದು, ಬಿಚ್ಚುವಾಗ ಮೊದಲನೆಯದು. ದಿನನಿತ್ಯ ಬೇಡದ್ದು ಮೊದಲು, ನಿತ್ಯ ಬೇಕಾದದ್ದು ಕೊನೆಗೆ, ಇದೇ ಗಂಟು ಕಟ್ಟುವ ಕ್ರಮ. ಇಷ್ಟಲಿಂಗವು ಅಂಗದ ಮೇಲೆಯೇ ಇರುವುದರಿಂದ ಅದನ್ನು ಎಲ್ಲಿ ಕಟ್ಟಬೇಕೆಂಬ ಚಿಂತೆ ನಿಮಗಿಲ್ಲ.

"ಇಷ್ಟೆಲ್ಲ ಹೇಳಿದಿರಿ, ಮೊದಲ ಗಂಟಿಗೇ ಕೈ ಏಳೂದಿಲ್ರಿ" ಎನ್ನುವವರೂ ಇದ್ದಾರೆ. ಅವರಿಗೆ ಹಿರಿಯರ ಒಂದು ಪದ್ಧತಿಯನ್ನು ನೆನಪಿಸುತ್ತೇವೆ. ಮುಹೂರ್ತಶಾಸ್ತ್ರದಲ್ಲಿ ಪ್ರಸ್ಥಾನವೆಂದು ಒಂದು ಕ್ರಮವಿದೆ. ಯಾತ್ರೆಯ ಮುಹೂರ್ತ ಒಂದು ದಿನ, ಹೊರಡುವ ಅನುಕೂಲ ಮತ್ತೊಂದು ದಿನ ಆದಾಗ, ಮುಹೂರ್ತದ ವೇಳೆಗೆ ತನಗೆ ಪ್ರಿಯವಾದ ಒಂದು ವಸ್ತುವನ್ನು ಬೇರೊಬ್ಬರ ಮನೆಯಲ್ಲಿ ಇಟ್ಟು ಬರುತ್ತಿದ್ದರು. ಅಷ್ಟರಿಂದ ಪಯಣ ಆರಂಭವಾಯಿತೆಂದು ಲೆಕ್ಕ. ಇದರಲ್ಲಿ ಜಾಣತನವಿದೆ. ಕಾಲು ಇನ್ನೂ ಇಲ್ಲೇ ಇದ್ದರೂ ಮನಸ್ಸು ಹೊರಡಲು ಕಲಿಯುತ್ತದೆ. ಯುಗಾದಿಯ ಮರುದಿನ ಒಂದೇ ಒಂದು ಪಾತ್ರೆಯನ್ನು ಕಟ್ಟಿ ಬಾಗಿಲ ಬಳಿ ಇಡಿರಿ. ಮರುದಿನ ಎರಡನೆಯದಕ್ಕೆ ಕೈ ತಾನೇ ಏಳುತ್ತದೆ.

ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕವನ್ನು ನಾವು ಪಾಠಶಾಲೆಯಲ್ಲಿ ಓದಿದ್ದೇವೆ. ಹೆಣ್ಣುಮಗಳು ಬೆಳೆದ ಆಶ್ರಮವನ್ನು ಬಿಟ್ಟು ಹೊರಡುತ್ತಾಳೆ. ಮರಗಳು ಸೀರೆ ಒಡವೆಗಳನ್ನು ಕೊಡುತ್ತವೆ, ಸಾಕಿದ ಜಿಂಕೆ ಸೆರಗು ಹಿಡಿದು ಎಳೆಯುತ್ತದೆ, ಬಳ್ಳಿಯನ್ನು ಸಖಿಯರ ಕೈಗೆ ಒಪ್ಪಿಸುತ್ತಾಳೆ. ಎಲ್ಲವೂ ಸರಿಯಾಗಿ ನಡೆಯಿತು. ಆದರೆ ದೂರ್ವಾಸರ ಶಾಪದ ಸಂಗತಿಯನ್ನು ಸಖಿಯರು ಅವಳಿಗೆ ಹೇಳಲಿಲ್ಲ. ರಾಜನು ಗುರುತು ಹಿಡಿಯಲು ತಡಮಾಡಿದರೆ ಉಂಗುರವನ್ನು ತೋರಿಸೆಂದರು, ಅಷ್ಟೇ. ಆ ಉಂಗುರವಿಲ್ಲದೆ ತನಗೆ ನೆಲೆಯೇ ಇಲ್ಲವೆಂಬುದು ಅವಳಿಗೆ ಗೊತ್ತಿರಲಿಲ್ಲ. ದಾರಿಯಲ್ಲಿ ಶಚೀತೀರ್ಥಕ್ಕೆ ನಮಸ್ಕರಿಸುವಾಗ ಅದು ಬೆರಳಿನಿಂದ ಜಾರಿ ನೀರಿಗೆ ಬಿತ್ತು. ಮುಂದಿನ ದುಃಖವೆಲ್ಲ ಅದರಿಂದಲೇ.

ಇಂದಿನ ಸಂಸಾರಕ್ಕೆ ಆ ಉಂಗುರ ಯಾವುದು? ಹೊಲದ ಉತಾರ, ಮನೆಯ ಹಕ್ಕುಪತ್ರ, ಪರಿಹಾರದ ಆದೇಶ, ಯೋಜನಾ ನಿರಾಶ್ರಿತರೆಂಬ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ, ಮಕ್ಕಳ ಟಿ.ಸಿ. ಇವುಗಳನ್ನು ಲಾರಿಗೆ ಹಾಕಬೇಡಿರಿ, ಒಂದು ಕೈಚೀಲದಲ್ಲಿ ಮೈಗೆ ಹತ್ತಿರ ಇಟ್ಟುಕೊಳ್ಳಿರಿ. ಅದಕ್ಕಿಂತ ಮುಖ್ಯವಾಗಿ, ಆ ಚೀಲದಲ್ಲಿ ಏನಿದೆ, ಅದು ಏಕೆ ಬೇಕು ಎಂಬುದನ್ನು ಅದನ್ನು ಹಿಡಿದವರಿಗೆ ತಿಳಿಸಿ ಹೇಳಿರಿ. ಗಂಡಸರು ಮನೆಯ ಹೆಣ್ಣುಮಕ್ಕಳಿಗೆ ಕಾಗದದ ಮಾತನ್ನು ಹೇಳುವುದೇ ಇಲ್ಲ. ನಾಳೆ ಕಚೇರಿಯ ಮುಂದೆ ನಿಲ್ಲುವ ಪ್ರಸಂಗ ಅವರಿಗೇ ಬಂದೀತು.

ಉಳಿದ ಗಂಟುಗಳಿಗೂ ಗುರುತು ಬೇಕು. ಶ್ರೀಶೈಲದ ಜಲಾಶಯದಲ್ಲಿ ಮುಳುಗಲಿದ್ದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಿದರು. ಬಿಚ್ಚುವಾಗ ಗುರುತಿಲ್ಲದ ಕಲ್ಲು ಕಟ್ಟುವಾಗ ಬರಿಯ ಕಲ್ಲು. ನಿಮ್ಮ ಗಂಟಿನ ಮೇಲೂ ಒಳಗೆ ಏನಿದೆ, ಯಾವ ಕೋಣೆಗೆ ಹೋಗಬೇಕು ಎಂದು ಬರೆಯಿರಿ. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ಕೊಡಿರಿ, ಸಂತೋಷದಿಂದ ಮಾಡುತ್ತವೆ.

ಎಲ್ಲವನ್ನೂ ಹೀಗೆ ಬಿಚ್ಚಿ ಒಯ್ಯಲು ಬರುವುದಿಲ್ಲ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಇದ್ದಲ್ಲಿಯೇ ಉಳಿಸಿ, ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿದರು. ನೀರು ಹೊರಗೆ ನಿಂತಿದೆ, ಮಂಟಪ ಒಳಗಿದೆ. ಪ್ರತಿ ಮನೆಯಲ್ಲಿಯೂ ಹೀಗೆ ಸುಲಭವಾಗಿ ಕದಲಿಸಲಾಗದ ಒಂದು ಜೀವವಿರುತ್ತದೆ. ಅದು ಮನೆಯ ಹಿರಿಯ ಜೀವ.

ಒಬ್ಬ ಭಕ್ತರ ಮನೆಯಲ್ಲಿ ಸಾಮಾನೆಲ್ಲ ಲಾರಿಗೆ ಏರಿತ್ತು. ಮುಪ್ಪಿನ ತಾಯಿ ಮಾತ್ರ ಕಟ್ಟೆಯಿಂದ ಏಳಲೊಲ್ಲರು. ಮಗ ಕೋಪಗೊಂಡಿದ್ದ. ನಾವು ಹತ್ತಿರ ಕುಳಿತು, "ಯಾಕವ್ವಾ, ಏನು ಉಳೀತು?" ಎಂದು ಕೇಳಿದೆವು. "ಬೀಸೂಕಲ್ಲು ಬಿಟ್ಟಾರ್ರಿ ಯಪ್ಪಾ. ಅಲ್ಲಿ ಗಿರಣಿ ಐತಿ, ಅದ್ಯಾಕ ಬೇಕು ಅಂತಾನ. ನಾ ಬೀಸಾಕ ಕೇಳಾಕತ್ತಿಲ್ರಿ. ಅದನ್ನ ನನ್ನ ಅತ್ತಿ ನನಗ ಕೊಟ್ಟಿದ್ದರು" ಎಂದರು. ಮಗ ತಲೆ ತಗ್ಗಿಸಿದ. ನಾಲ್ವರು ಹಿಡಿದು ಆ ಕಲ್ಲನ್ನು ಏರಿಸಿದರು. ತಾಯಿ ತಾವಾಗಿಯೇ ಎದ್ದು ಬಂದು ಗಾಡಿ ಹತ್ತಿದರು.

ಆ ಕಲ್ಲಿನ ಮಾತನ್ನು ಯುಗಾದಿಯ ವಾರದಲ್ಲಿಯೇ ಕೇಳಬಹುದಾಗಿತ್ತು. ಆದ್ದರಿಂದ ಮೊದಲ ಗಂಟು ಕಟ್ಟುವ ಮುಂಚೆ ಹಿರಿಯರ ಬಳಿ ಕುಳಿತುಕೊಳ್ಳಿರಿ. "ನಿನಗೆ ಯಾವುದು ಬೇಕವ್ವಾ?" ಎಂದು ಕೇಳಿರಿ. ಅವರು ಹೇಳಿದ್ದು ನಿಮಗೆ ಹರಕಾಗಿ ಕಂಡರೂ ತೂಕ ಮಾಡಬೇಡಿರಿ. ಅವರ ಹಾಸಿಗೆ, ಅವರ ಕೋಲು, ಅವರ ಔಷಧದ ಡಬ್ಬಿ ಕೊನೆಯ ಗಳಿಗೆಯವರೆಗೆ ಇದ್ದಲ್ಲಿಯೇ ಇರಲಿ. ಹೊಸ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಅವರ ಹಾಸಿಗೆ ಬಿಚ್ಚಿಕೊಳ್ಳಲಿ, ಹಳೆಯ ಮನೆಯಲ್ಲಿ ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ. ರಾತ್ರಿ ಎದ್ದರೆ ಅವರಿಗೆ ಬಾಗಿಲು ತಿಳಿಯಬೇಕು.

ಕಡೆಯ ಮಾತು. ಲಾರಿ ಹೊರಡುವ ಬೆಳಿಗ್ಗೆ ಬರಿದಾದ ಮನೆಯನ್ನು ಗುಡಿಸಿ, ಹೊಸ್ತಿಲು ತೊಳೆದು, ರಂಗೋಲಿ ಹಾಕಿ ಹೊರಡಿರಿ. ಬಾಡಿಗೆಯ ಮನೆಯಾದರೆ ಮುಂದೆ ಬರುವವರಿಗೆ ಅದು ನಿಮ್ಮ ಸ್ವಾಗತ. ಮುಳುಗುವ ಮನೆಯಾದರೂ ಕಸವನ್ನು ಉಳಿಸಿ ಹೋಗಬೇಡಿರಿ. ಇಷ್ಟು ವರ್ಷ ನೆರಳು ಕೊಟ್ಟದ್ದಕ್ಕೆ ಅಷ್ಟಾದರೂ ಸಲ್ಲಬೇಕು. ಕೊನೆಯ ದಿನದವರೆಗೆ ಆ ಮನೆಯಲ್ಲಿ ತುಂಬಿ ಬಾಳಿದವನಿಗೆ ಹೊಸ ಮನೆಯಲ್ಲಿಯೂ ಬಾಳುವುದು ಕಷ್ಟವಾಗುವುದಿಲ್ಲ.

ಹೊರಟವರ ಪಯಣ ಸುಖಕರವಾಗಲಿ, ಕಾಯುತ್ತಿರುವವರಿಗೆ ಧೈರ್ಯವಿರಲಿ, ನೀವು ಹೊಗುವ ಮನೆಗಳಲ್ಲಿ ದೀಪ ಬೆಳಗುತ್ತಿರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ. ಸರ್ವರಿಗೂ ಮಂಗಳವಾಗಲಿ.