ಗಂಟಲು ಮುಚ್ಚದಂತೆ ಒಂದಿಷ್ಟು ಗಾಳಿ



ಮದುವೆಯ ಹಿಂದಿನ ರಾತ್ರಿ ಛತ್ರದಲ್ಲಿ ಜಮಖಾನ ಹಾಸಿ ಸಾಲಾಗಿ ಮಲಗಿದವರಲ್ಲಿ ಗೊರಕೆಯ ದೊಡ್ಡಪ್ಪ ಒಬ್ಬರಾದರೂ ಇದ್ದೇ ಇರುತ್ತಾರೆ. ‘ಪುಣ್ಯವಂತರಪ್ಪ, ಎಂಥ ನಿದ್ದೆ’ ಅಂತ ಉಳಿದವರು ಮಗ್ಗುಲು ಬದಲಾಯಿಸುತ್ತ ಹೊಟ್ಟೆಕಿಚ್ಚು ಪಡುತ್ತಾರೆ. ಸ್ವಲ್ಪ ಕಿವಿಗೊಟ್ಟು ಕೇಳಿದರೆ ಅಸಲು ಸಂಗತಿ ತಿಳಿಯುತ್ತದೆ. ಗೊರಕೆ ಏರುತ್ತ ಏರುತ್ತ ಹೋಗಿ ಥಟ್ಟನೆ ನಿಂತುಬಿಡುತ್ತದೆ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಒಮ್ಮೊಮ್ಮೆ ಅರ್ಧ ನಿಮಿಷ ಸದ್ದೇ ಇಲ್ಲ. ಆಮೇಲೆ ಗಕ್ಕನೆ ಬೆಚ್ಚಿಬಿದ್ದಂತೆ ಒಂದು ದೊಡ್ಡ ಉಸಿರು, ಮತ್ತೆ ಗೊರಕೆ. ಸದ್ದಿಲ್ಲದ ಆ ಹೊತ್ತಿನಲ್ಲಿ ದೊಡ್ಡಪ್ಪ ಉಸಿರಾಡುತ್ತಲೇ ಇರಲಿಲ್ಲ.

ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ, ನಾಲಗೆಯ ಬುಡ ಹಿಂದಕ್ಕೆ ಜಾರುತ್ತದೆ. ಉಸಿರಿನ ದಾರಿ ಕಿರಿದಾದರೆ ಗೊರಕೆ. ಪೂರಾ ಮುಚ್ಚಿದರೆ ಎದೆ, ಹೊಟ್ಟೆ ಒದ್ದಾಡಿದರೂ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದ ಮೇಲೆ ಮೆದುಳು ಅರೆಕ್ಷಣ ಎಚ್ಚರಗೊಳಿಸಿ ದಾರಿ ಬಿಡಿಸುತ್ತದೆ. ಬೆಳಿಗ್ಗೆ ಇದೊಂದೂ ನೆನಪಿರುವುದಿಲ್ಲ. ತಲೆ ಭಾರ, ಬಾಯಿ ಒಣಗಿರುತ್ತದೆ, ಹಗಲೆಲ್ಲ ತೂಕಡಿಕೆ. ಉಸಿರು ನಿಂತದ್ದು, ಅರೆಬರೆ ಆದದ್ದು ಎರಡೂ ಸೇರಿ ಗಂಟೆಗೆ ಐದು ಸಲ ದಾಟಿದರೆ ಡಾಕ್ಟರು ಸ್ಲೀಪ್ ಅಪ್ನಿಯಾ ಎನ್ನುತ್ತಾರೆ, ಮೂವತ್ತು ದಾಟಿದರೆ ತೀವ್ರ ಎನ್ನುತ್ತಾರೆ. ಮುಂಬೈಯಲ್ಲಿ 35ರಿಂದ 65 ವಯಸ್ಸಿನ ಗಂಡಸರನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 7.5 ಮಂದಿಗೆ ಹಗಲು ತೂಕಡಿಕೆಯೂ ಸೇರಿದ ಈ ಕಾಯಿಲೆ ಇತ್ತು.

ಇಷ್ಟು ಜನರನ್ನು ಕಾಡುವ ಕಾಯಿಲೆಗೆ ವೈದ್ಯಶಾಸ್ತ್ರದಲ್ಲಿ ಜಾಗ ಸಿಕ್ಕಿದ್ದು ತೀರ ಈಚೆಗೆ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಇದೇ ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಶುರುಮಾಡಿದ ಕಾಲಕ್ಕೆ, ಮಲಗಿದವರ ಮೆದುಳಿನ ಅಲೆಗಳನ್ನು ಕಾಗದದ ಮೇಲೆ ಮೂಡಿಸಿ ನೋಡುವ ಕೆಲಸ ಅಮೆರಿಕದಲ್ಲಿ ಆಗಷ್ಟೇ ಆರಂಭವಾಗಿತ್ತು. ನಮ್ಮೂರಿನ ಎದೆರೋಗದ ವೈದ್ಯರಿಗೆ ಆಗ ಇದ್ದ ಚಿಂತೆ ಕ್ಷಯದ್ದು. ಮಹಾರಾಜ ನಾಲ್ವಡಿಯವರ ಅಕ್ಕತಂಗಿಯರಲ್ಲಿ ಒಬ್ಬರಾದ ಕೃಷ್ಣಾಜಮ್ಮಣ್ಣಿಯವರನ್ನೇ ಆ ರೋಗ ಬಲಿ ತೆಗೆದುಕೊಂಡಿತ್ತು; ಕೆ.ಆರ್.ಎಸ್. ರಸ್ತೆಯ ಪಿಕೆಟಿಬಿ ಆಸ್ಪತ್ರೆ ಇರುವುದು ಅವರ ಹೆಸರಿನಲ್ಲಿ. ಅಂಥ ದಿನಗಳಲ್ಲಿ ಗೊರಕೆಗೆ ಯಾರು ಡಾಕ್ಟರ ಹತ್ತಿರ ಹೋದಾರು?

1956ರಲ್ಲಿ ಅಮೆರಿಕದ ವೈದ್ಯ ಬರ್ವೆಲ್ ಮತ್ತು ಜೊತೆಗಾರರು ಒಬ್ಬ ರೋಗಿಯ ಕತೆ ಬರೆದರು. ಸ್ಥೂಲಕಾಯದ ವ್ಯವಹಾರಸ್ಥ, ಇಸ್ಪೀಟಿನ ಶೋಕಿ. ಒಂದು ರಾತ್ರಿ ಕೈಗೆ ಮೂರು ಎಕ್ಕ, ಎರಡು ರಾಜ ಬಂದವು. ಪೋಕರ್ ಆಟದಲ್ಲಿ ಅದು ಗೆಲ್ಲುವ ಕೈ. ಎಲೆ ಕೈಯಲ್ಲಿ ಹಿಡಿದೇ ನಿದ್ದೆ ಹೋದ ಆಸಾಮಿಗೆ ಆಟ ಕೈತಪ್ಪಿತು. ಅದಾದ ಮೇಲೆ ಆಸ್ಪತ್ರೆಗೆ ಬಂದ. ಡಿಕನ್ಸನ ಕಾದಂಬರಿಯಲ್ಲಿ ಸದಾ ತೂಕಡಿಸುವ ದಪ್ಪ ಹುಡುಗನೊಬ್ಬ ಬರುವುದರಿಂದ ವೈದ್ಯರು ಈ ಸ್ಥಿತಿಗೆ ಆ ಕಾದಂಬರಿಯ ಪಿಕ್‌ವಿಕ್ ಎಂಬ ಹೆಸರನ್ನೇ ಅಂಟಿಸಿದರು. ಆದರೆ ಕಾರಣ ಗಂಟಲಿನಲ್ಲಿದೆ ಅಂತ ಅವರಿಗೆ ಹೊಳೆಯಲಿಲ್ಲ. ಅದು ಗೊತ್ತಾದದ್ದು 1965ರಲ್ಲಿ, ಫ್ರಾನ್ಸಿನ ಮಾರ್ಸೇಲ್‌ನಲ್ಲಿ ಗಾಸ್ತೋ ಮತ್ತು ಸಂಗಡಿಗರು ಇಂಥ ರೋಗಿಗಳ ಉಸಿರನ್ನು ನಿದ್ದೆಯಲ್ಲೇ ದಾಖಲಿಸಿ ನೋಡಿದಾಗ. ಜರ್ಮನಿಯಲ್ಲೂ ಅದೇ ವರ್ಷ ಇದೇ ಕಂಡಿತು.

ಕಾರಣವೇನೋ ಸಿಕ್ಕಿತು, ಮದ್ದು ಮಾತ್ರ ಭಯಂಕರ. ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ತೂತು ಕೊರೆದು ನಳಿಗೆ ಕೂರಿಸುವುದು. ಹಗಲು ಬಿರಡೆ ಹಾಕಿ, ರಾತ್ರಿ ತೆಗೆಯಬೇಕು. ಪ್ರಾಣ ಉಳಿಯುತ್ತಿತ್ತು, ನಿಜ. ಮುಂದಿನ ಹತ್ತು ವರ್ಷಕ್ಕೂ ಮಿಕ್ಕಿ ತೀವ್ರವಾದ ರೋಗಿಗಳಿಗೆ ನೆಚ್ಚಿಕೊಳ್ಳಬಹುದಾದ ಚಿಕಿತ್ಸೆ ಎಂದರೆ ಇದೊಂದೇ.

ಆಸ್ಟ್ರೇಲಿಯದ ಕಾಲಿನ್ ಸಲಿವನ್ ಬರುವುದು ಇಲ್ಲಿ. ಕೆನಡಾದ ಟೊರೊಂಟೊದಲ್ಲಿ ಎಲಿಯಟ್ ಫಿಲಿಪ್ಸನ್ ಅವರ ಜೊತೆ ನಾಯಿಗಳ ನಿದ್ದೆ, ಉಸಿರಾಟದ ಮೇಲೆ ಕೆಲಸ ಮಾಡಿ ಸಿಡ್ನಿಗೆ ಮರಳಿದ್ದವರು. ಮೂಗಿನ ಮೂಲಕ ತುಸು ಒತ್ತಡದ ಗಾಳಿ ಸತತವಾಗಿ ಬಿಟ್ಟರೆ ಗಂಟಲು ಮುಚ್ಚಲಾರದು ಎಂಬುದು ಅವರ ಊಹೆ. ಉಸಿರಾಟದ ಕಷ್ಟವಿರುವ ನವಜಾತ ಶಿಶುಗಳಿಗೆ ಒತ್ತಡದ ಗಾಳಿ ಕೊಟ್ಟು ಬದುಕಿಸುವ ಕ್ರಮವನ್ನು ಅಮೆರಿಕದ ಜಾರ್ಜ್ ಗ್ರೆಗರಿ 1971ರಲ್ಲೇ ತೋರಿಸಿದ್ದರು, ಆದರೆ ಅದು ಶ್ವಾಸಕೋಶ ಕುಸಿಯದಿರಲೆಂದು. 1980ರ ಜೂನ್‌ನಲ್ಲಿ ಕುತ್ತಿಗೆಗೆ ತೂತು ಬೇಡವೆಂದ ರೋಗಿಯೊಬ್ಬ ಸಲಿವನ್ನರ ಪ್ರಯೋಗಕ್ಕೆ ಒಪ್ಪಿದ. ಗಾಳಿ ಬಿಟ್ಟೊಡನೆ ಉಸಿರುಗಟ್ಟುವುದು ನಿಂತಿತು. ಒತ್ತಡ ಇಳಿಸಿದರೆ ಗಂಟಲು ಮುಚ್ಚುತ್ತದೆ, ಏರಿಸಿದರೆ ತೆರೆಯುತ್ತದೆ. ಆತ ರಾತ್ರಿಯೆಲ್ಲ ಗಾಢವಾಗಿ ನಿದ್ದೆ ಮಾಡಿ ಬೆಳಿಗ್ಗೆ ಲವಲವಿಕೆಯಿಂದ ಎದ್ದ. ಐವರು ರೋಗಿಗಳ ವರದಿ 1981ರ ಏಪ್ರಿಲ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ಬಳಸಿದ ಒತ್ತಡ ಎಷ್ಟು ಗೊತ್ತೆ? ನಾಲ್ಕೂವರೆಯಿಂದ ಹತ್ತು ಸೆಂಟಿಮೀಟರ್ ನೀರಿನಷ್ಟು. ಉದ್ದನೆಯ ಲೋಟದ ನೀರಿಗೆ ಸ್ಟ್ರಾ ಹತ್ತು ಸೆಂಟಿಮೀಟರ್ ಇಳಿಬಿಟ್ಟು ಗುಳ್ಳೆ ಏಳುವಂತೆ ಊದಲು ಬೇಕಾದಷ್ಟೇ. ಸುತ್ತಲಿನ ವಾತಾವರಣದ ಒತ್ತಡದಲ್ಲಿ ನೂರಕ್ಕೆ ಒಂದು ಪಾಲು. ಸಿಪ್ಯಾಪ್ ಎಂದು ಕರೆಯುವ ಈ ಯಂತ್ರ ಆಮ್ಲಜನಕ ಕೊಡುತ್ತದೆ, ರೋಗಿಯ ಬದಲು ತಾನೇ ಉಸಿರಾಡುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಕೋವಿಡ್ ಕಾಲದ ಸುದ್ದಿ ನೋಡಿ ‘ವೆಂಟಿಲೇಟರ್ ಹಾಕ್ತಾರಂತೆ’ ಅಂತ ಹೆದರಿ ಚಿಕಿತ್ಸೆ ಬೇಡವೆಂದವರೂ ಉಂಟು. ಸಿಪ್ಯಾಪ್ ಬಿಡುವುದು ಕೋಣೆಯ ಗಾಳಿಯನ್ನೇ, ಉಸಿರಾಡುವವರು ನಾವೇ.

ಹೀಗೆ ಗಾಳಿಯ ಪ್ರಶ್ನೆ ಒಂದೇ ರಾತ್ರಿಯಲ್ಲಿ ತೀರಿತು. ಅದನ್ನು ಮುಖಕ್ಕೆ ಹೊಂದಿಸುವ ಪ್ರಶ್ನೆ ಮಾತ್ರ ನಲವತ್ತು ವರ್ಷ ದಾಟಿದರೂ ಪೂರ್ತಿ ತೀರಿಲ್ಲ. ಆದ್ದರಿಂದ ಈ ಚಿಕಿತ್ಸೆಯ ಚರಿತ್ರೆಯನ್ನು ಮೋಟರಿನ ಚರಿತ್ರೆ ಎನ್ನುವುದಕ್ಕಿಂತ ಮಾಸ್ಕಿನ ಚರಿತ್ರೆ ಎನ್ನುವುದೇ ಸರಿ ಎಂದು ನನಗೆ ಅನ್ನಿಸುತ್ತದೆ. ಮೊದಮೊದಲು ಸಿಡ್ನಿಯಲ್ಲಿ ಪ್ರತಿ ರೋಗಿಯ ಮುಖಕ್ಕೂ ಪ್ಲಾಸ್ಟರಿನ ಅಚ್ಚು ತೆಗೆದು ಫೈಬರ್‌ಗ್ಲಾಸಿನ ಮಾಸ್ಕ್ ಮಾಡುತ್ತಿದ್ದರು. ಅದನ್ನು ರಾತ್ರಿ ರಾತ್ರಿ ಸಿಲಿಕೋನ್ ಅಂಟಿನಿಂದ ಮೂಗಿಗೆ ಅಂಟಿಸಿಕೊಳ್ಳಬೇಕು, ಬೆಳಿಗ್ಗೆ ಕಿತ್ತು ತೆಗೆಯಬೇಕು. ಗಾಳಿಗೆ ವ್ಯಾಕ್ಯೂಮ್ ಕ್ಲೀನರ್‌ನ ಬ್ಲೋವರ್. ಅದರ ಆರ್ಭಟ ಬೇರೆ. ಅಂಥದ್ದನ್ನೂ ಜನ ಮನೆಗೆ ಕೊಂಡುಹೋಗಿ ಬಳಸಿದರೆಂದರೆ ಕಾಯಿಲೆ ಅವರನ್ನು ಎಷ್ಟು ಗೋಳುಹುಯ್ದುಕೊಂಡಿತ್ತೋ ಊಹಿಸಿ. 1980ರ ದಶಕದ ನಡುವಿನಲ್ಲಿ ಅಂಗಡಿಯಲ್ಲಿ ಕೊಳ್ಳುವ ಯಂತ್ರಗಳೂ ಪಟ್ಟಿ ಕಟ್ಟುವ ಮೆತ್ತನೆಯ ಮಾಸ್ಕ್‌ಗಳೂ ಬಂದವು. ಆಮೇಲೆ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್, ಕಡಿಮೆ ಒತ್ತಡದಿಂದ ಶುರುವಾಗಿ ನಿಧಾನ ಏರುವ ಏರ್ಪಾಡು, ಉಸಿರು ಬಿಡುವಾಗ ಒತ್ತಡ ಇಳಿಸುವ ಉಪಾಯ, ಬೇಕಾದಷ್ಟನ್ನೇ ತಾನೇ ಅಳೆದು ಕೊಡುವ ಆಟೋ ಯಂತ್ರ. ಎಲ್ಲ ಸುಧಾರಣೆಯೂ ಒಂದೇ ಗುರಿಗೆ: ನಡುರಾತ್ರಿ ಮಾಸ್ಕ್ ಕಿತ್ತೆಸೆಯದಿರಲಿ.

ಕಿತ್ತೆಸೆದರೆ ಏನಾಗುತ್ತದೆ ಎಂಬುದಕ್ಕೆ 2016ರಲ್ಲಿ ಪ್ರಕಟವಾದ ‘ಸೇವ್’ ಅಧ್ಯಯನವಿದೆ. ಭಾರತವೂ ಸೇರಿ ಏಳು ದೇಶಗಳ, ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದ 2,717 ಜನರ ಮೇಲೆ ನಡೆದದ್ದು. ಯಂತ್ರ ಬಳಸಿದವರಿಗೆ ತೂಕಡಿಕೆ ತಗ್ಗಿತು, ಮನಸ್ಸು ಹಗುರಾಯಿತು. ಹೃದಯಾಘಾತ, ಲಕ್ವ ಮಾತ್ರ ಕಡಿಮೆಯಾಗಲಿಲ್ಲ. ಅವರು ರಾತ್ರಿಗೆ ಸರಾಸರಿ ಬಳಸಿದ್ದು 3.3 ಗಂಟೆ. ಇನ್ನೂ ಹೆಚ್ಚು ಹೊತ್ತು ಬಳಸಿದ್ದರೆ ಫಲ ಬೇರೆಯಾಗುತ್ತಿತ್ತೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಕಡೆಯ ಪಕ್ಷ ನಾಲ್ಕು ಗಂಟೆ ಎಂದು ವೈದ್ಯರು ಹೇಳುವುದು ಪಾಸ್ ಮಾರ್ಕು. ಮಲಗಿದಷ್ಟು ಹೊತ್ತೂ ಹಾಕಿಕೊಳ್ಳುವುದು ಗುರಿ.

ನಾನೂ ಮಾಸ್ಕ್ ಹಾಕಿಕೊಂಡು ಮಲಗುವವನೇ. ಮೈಸೂರಿನ ಮನೆಗಳಿಗೆ ಹೊಂದುವ ನಾಲ್ಕು ಮಾತು ಹೇಳುತ್ತೇನೆ. ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯ ಪರೀಕ್ಷೆ, ಮಾಡಿಸದೆ ಯಂತ್ರ ಕೊಳ್ಳಬೇಡಿ. ಕೊಳ್ಳುವಾಗ ಯಂತ್ರದ ಪರದೆ ನೋಡುವುದಕ್ಕಿಂತ ಹೆಚ್ಚು ಹೊತ್ತು ಮಾಸ್ಕ್ ನೋಡಿ. ಕುರ್ಚಿಯಲ್ಲಿ ಕೂತು ಅಳತೆ ನೋಡಿದರೆ ಸಾಲದು. ಮಲಗಿದಾಗ ಕೆನ್ನೆಯ ಆಕಾರವೇ ಬದಲಾಗುತ್ತದೆ, ಆದ್ದರಿಂದ ಅಂಗಡಿಯವರು ಏನೇ ಅಂದುಕೊಳ್ಳಲಿ, ಮಲಗಿ, ಗಾಳಿ ಬಿಡಿಸಿಕೊಂಡು, ಮಗ್ಗುಲು ತಿರುಗಿ ನೋಡಬೇಕು. ಗಾಳಿ ಸೋರಿದರೆ ಪಟ್ಟಿ ಬಿಗಿಯುವುದು ಎಲ್ಲರ ಮೊದಲ ಉಪಾಯ. ಬಿಗಿದಷ್ಟೂ ಮೆತ್ತೆ ಮುದುಡಿ ಇನ್ನಷ್ಟು ಸೋರುತ್ತದೆ, ಮೂಗಿನ ಏಣಿನ ಮೇಲೆ ಗಾಯವಾಗುತ್ತದೆ. ಒಂದು ಸಲ ಮುಖದಿಂದ ತುಸು ಎತ್ತಿ, ಗಾಳಿ ತುಂಬಿದ ಮೆತ್ತೆಯನ್ನು ಮತ್ತೆ ಕೂರಿಸಿದರೆ ಬಹುಪಾಲು ಸರಿಹೋಗುತ್ತದೆ. ದಪ್ಪ ಮೀಸೆಯವರು ಮೂಗಿನ ಹೊಳ್ಳೆಗೆ ಕೂರುವ ಪುಟ್ಟ ಮಾಸ್ಕ್ ಕೇಳಿ ನೋಡಲಿ. ಮಲಗುವ ಮುಂಚೆ ಮುಖಕ್ಕೆ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸವಿದ್ದರೆ ಬಿಡಬೇಕು. ಎಣ್ಣೆ ಜಿಡ್ಡಿಗೆ ಮೆತ್ತೆ ಜಾರುತ್ತದೆ, ಬೇಗ ಹಾಳಾಗುತ್ತದೆ.

ಮೂಗು ಕಟ್ಟುವುದು ನಮ್ಮೂರಿನ ದೊಡ್ಡ ತೊಡಕು. ಕಾಂಗ್ರೆಸ್ ಗಿಡದ ಪರಾಗ, ರಸ್ತೆಯ ಧೂಳು ಎರಡೂ ಸಾಕಷ್ಟಿವೆ. ಮೂಗು ಕಟ್ಟಿದವರು ಬಾಯಿ ತೆರೆಯುತ್ತಾರೆ, ಬಾಯಿಂದ ಗಾಳಿ ಹೊರಟುಹೋಗುತ್ತದೆ, ಬೆಳಿಗ್ಗೆ ಗಂಟಲು ಕಟ್ಟಿಗೆಯಂತಾಗಿರುತ್ತದೆ. ಯೋಗದ ಊರಿನಲ್ಲಿ ಜಲನೇತಿ ಗೊತ್ತಿರುವವರು ಬಹಳ. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಮಾಡಿದರೆ ಅನುಕೂಲವೇ. ನಲ್ಲಿ ನೀರಿನಲ್ಲಿ ಬೇಡ. ಹ್ಯುಮಿಡಿಫೈಯರಿಗೆ ಡಿಸ್ಟಿಲ್ಡ್ ವಾಟರ್ ಉತ್ತಮ. ಬೋರ್‌ವೆಲ್ ನೀರು ಹಾಕಿದರೆ ತಳದಲ್ಲಿ ಬಿಳಿ ಉಪ್ಪು ಗಟ್ಟುತ್ತದೆ. ಧನುರ್ಮಾಸದ ಚಳಿಯಲ್ಲಿ ಪೈಪಿನೊಳಗೆ ಹನಿಗಟ್ಟಿ ಮೂಗಿಗೆ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ. ಯಂತ್ರವನ್ನು ಮಂಚಕ್ಕಿಂತ ಕೆಳಗಿಡಿ, ಪೈಪಿಗೆ ಬಟ್ಟೆಯ ಗವಸು ಹಾಕಿ, ತೇವ ಒಂದು ಹಂತ ತಗ್ಗಿಸಿ. ಸೊಳ್ಳೆಪರದೆ ಕಟ್ಟುವವರು ಪೈಪನ್ನು ತಲೆಯ ಕಡೆಯಿಂದ ಒಳಗೆ ತಂದುಕೊಂಡರೆ ಹೊರಳುವಾಗ ಸಿಕ್ಕುವುದಿಲ್ಲ. ಕರೆಂಟು ಹೋದರೆ ಉಸಿರು ನಿಲ್ಲುವುದಿಲ್ಲ, ಮಾಸ್ಕ್‌ನ ರಂಧ್ರಗಳಿಂದ ಗಾಳಿ ಆಡುತ್ತದೆ. ಚಿಕಿತ್ಸೆ ಮಾತ್ರ ಅಷ್ಟು ಹೊತ್ತು ಇಲ್ಲ, ಹಾಗಾಗಿ ಇನ್ವರ್ಟರ್ ಲೈನಿಗೆ ಕೊಡಿಸುವುದು ಒಳ್ಳೆಯದು.

ಹೊಸಬರು ಮೊದಲ ರಾತ್ರಿಯೇ ಬೆಳಗಿನವರೆಗೆ ಹಾಕಿಕೊಳ್ಳುತ್ತೇನೆಂದು ಹಟ ಹಿಡಿಯುವುದಕ್ಕಿಂತ, ಸಂಜೆ ರೇಡಿಯೋ ಕೇಳುತ್ತ ಎಚ್ಚರವಾಗಿದ್ದಾಗಲೇ ಅರ್ಧ ಗಂಟೆ ಹಾಕಿಕೊಂಡು ಕೂತರೆ ಉಸಿರುಕಟ್ಟಿದಂತಾಗುವ ಭಯ ಕರಗುತ್ತದೆ. ಮನೆಯವರ ಪಾತ್ರವೂ ಇದೆ. ‘ಆನೆ ಸೊಂಡಿಲು’ ಅಂತ ಮೊಮ್ಮಕ್ಕಳು ನಕ್ಕಾಗ ಮಾಸ್ಕ್ ಬೀರು ಸೇರಿದ ಉದಾಹರಣೆ ಬೇಕಾದಷ್ಟಿವೆ. ಬೆಳಿಗ್ಗೆ ಪರದೆಯಲ್ಲಿ ಬಳಸಿದ ಗಂಟೆ, ಸೋರಿಕೆ, ಉಸಿರು ತಪ್ಪಿದ ಲೆಕ್ಕ ಕಾಣುತ್ತದೆ. ಕೊನೆಯದು ಐದರ ಒಳಗಿರಬೇಕು. ಹೆಚ್ಚಿದ್ದರೆ ಒತ್ತಡವನ್ನು ನಾವೇ ತಿರುಗಿಸದೆ ಆ ಲೆಕ್ಕವನ್ನು ಡಾಕ್ಟರಿಗೆ ತೋರಿಸಬೇಕು.

ಯಂತ್ರಗಳೂ ತಪ್ಪುತ್ತವೆ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಸದ್ದಡಗಿಸಲು ಒಳಗಿಟ್ಟ ಫೋಮ್ ಪುಡಿಯಾಗಿ ಗಾಳಿಗೆ ಸೇರಬಹುದೆಂದು ಲಕ್ಷಗಟ್ಟಲೆ ಯಂತ್ರಗಳನ್ನು ಹಿಂದಕ್ಕೆ ಕರೆಯಿತು. ಸೆಕೆಂಡ್‌ಹ್ಯಾಂಡ್ ಯಂತ್ರ ಕೊಳ್ಳುವವರು ಯಾವ ಮಾಡೆಲ್, ಯಾವ ವರ್ಷದ್ದು ಎಂದು ಇದಕ್ಕಾಗಿಯೇ ವಿಚಾರಿಸಬೇಕು.

ಮಾಸ್ಕಿನ ಜೊತೆಗೆ ಈಗ ಮದ್ದೂ ಬಂದಿದೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಬೊಜ್ಜಿನ ಜೊತೆ ಈ ಕಾಯಿಲೆಯೂ ಇರುವವರಿಗೆ ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಒಪ್ಪಿತು. ಸ್ಲೀಪ್ ಅಪ್ನಿಯಾಕ್ಕೆಂದೇ ಅಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧ ಅದು. ಆದರೆ ನಮ್ಮಲ್ಲಿ ದಪ್ಪವಿಲ್ಲದವರಿಗೂ ದವಡೆ ಚಿಕ್ಕದಿದ್ದು, ಗಂಟಲಿನ ದಾರಿ ಕಿರಿದಾಗಿ ಕಾಯಿಲೆ ಬರುವುದುಂಟು. ಅವರಿಗೆ ಸದ್ಯಕ್ಕೆ ಮುಖ್ಯ ಚಿಕಿತ್ಸೆ ಮಾಸ್ಕೇ. ತೂಕ ಇಳಿದವರು ಕೂಡ ಯಂತ್ರವನ್ನು ಅಟ್ಟಕ್ಕೆ ಏರಿಸುವ ಮೊದಲು ಇನ್ನೊಮ್ಮೆ ಸ್ಲೀಪ್ ಸ್ಟಡಿ ಮಾಡಿಸಬೇಕು. ಎಷ್ಟೋ ಸಲ ಬೇಕಾಗುವುದು ಯಂತ್ರ ಬಿಡುವುದಲ್ಲ, ಒತ್ತಡ ಇಳಿಸುವುದು ಅಷ್ಟೇ.